ಯಾವ ವಿಭಾಗವನ್ನು ಮುಚ್ಚಬೇಕು?

ಜಿಗಣಿಯ ಬಸ್ಸುನಿಲ್ದಾಣದಲ್ಲಿ ಇಳಿದು ನಾನು ಪಾಠ ಹೇಳುವ ಕಾಲೇಜಿನ ಕಡೆಗೆ ನಡೆಯುವಾಗ ದಾರಿಯ ಇಕ್ಕೆಲಗಳಲ್ಲಿಯೂ ಕಲ್ಲು ಕೊಯ್ಯುವ ಕಾರ್ಖಾನೆಗಳು ಸಿಕ್ಕುತ್ತವೆ. ಆಳೆತ್ತರದ ಗ್ರಾನೈಟ್ ಬಂಡೆಗಳನ್ನು ಹೊತ್ತ ಲಾರಿಗಳು ಒಳಗೆ ಹೋಗುತ್ತವೆ. ಕನ್ನಡಿಯಂತೆ ಹೊಳೆಯುವ ಹಲಗೆಗಳನ್ನು ಹೊತ್ತ ಲಾರಿಗಳು ಹೊರಗೆ ಬರುತ್ತವೆ. ಗರಗಸದ ಕೂಗು ನಮ್ಮ ತರಗತಿಯ ಕೊಠಡಿಗೂ ಕೇಳಿಸುತ್ತದೆ. ಪಂಪನನ್ನು ಓದುವಾಗಲೂ ಅದು ನಿಲ್ಲುವುದಿಲ್ಲ, ವಚನಗಳನ್ನು ಓದುವಾಗಲೂ ನಿಲ್ಲುವುದಿಲ್ಲ. ಮೊದಮೊದಲು ನನಗೆ ಇದರಿಂದ ಬೇಸರವಾಗುತ್ತಿತ್ತು. ಈಗ ಗರಗಸ ನಿಂತ ದಿನವೇ ಏನೋ ಕೊರತೆಯೆನಿಸುತ್ತದೆ.

ಈಚೆಗೆ ಒಂದು ದಿನ ನಮ್ಮ ಸೂಚನಾ ಫಲಕದಲ್ಲಿ ಒಂದು ಚೀಟಿ ಕಾಣಿಸಿಕೊಂಡಿತು. ವಿದ್ಯಾರ್ಥಿಗಳ ಸಂಖ್ಯೆ ಸಾಲದ ಐಚ್ಛಿಕ ವಿಷಯಗಳನ್ನು ಮುಂದಿನ ವರ್ಷದಿಂದ ಮುಂದುವರಿಸುವ ಬಗ್ಗೆ ಪುನಃ ಯೋಚಿಸಲಾಗುವುದು, ಎಂದು ಅದರ ತಾತ್ಪರ್ಯ. ನನ್ನ ಐಚ್ಛಿಕ ಕನ್ನಡದ ತರಗತಿಯಲ್ಲಿರುವವರು ಏಳು ಮಂದಿ. ಅವರಲ್ಲಿ ಒಬ್ಬ ಹುಡುಗ ರಾತ್ರಿ ಪಾಳಿಯಲ್ಲಿ ದುಡಿದು ಬೆಳಗ್ಗೆ ತರಗತಿಗೆ ಬರುವವನು. ಅವನ ತಂದೆ ಕಲ್ಲಿಗೆ ಹೊಳಪು ಹಿಡಿಸುವ ಕೆಲಸಗಾರ. ತಾತ ಉಳಿ ಸುತ್ತಿಗೆಗಳಿಂದ ಕಲ್ಲೊಡೆದವನು. ಚೀಟಿಯನ್ನು ಓದಿಕೊಂಡು ಬಂದ ಆ ಹುಡುಗ ಎದ್ದು ನಿಂತು ಕೇಳಿದ: "ಸಾರ್, ನಮ್ಮ ವಿಭಾಗ ಮುಚ್ಚಿದರೆ ನಷ್ಟ ಯಾರಿಗೆ? ನಮಗೋ, ನಿಮಗೋ?"

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿ ತಿಳಿಯಬೇಕೆಂಬ ಆಸೆಯಿಂದಲೇ ಕೇಳಿದ್ದ. ನಾನು ಕೂಡಲೆ ಉತ್ತರ ಹೇಳಲಾರದೆ ಹೋದೆ. ಸಂಬಳಕ್ಕಾಗಿ ಕನ್ನಡವನ್ನು ಕಾಪಾಡುತ್ತಿದ್ದೇನೆಯೋ, ಕನ್ನಡಕ್ಕಾಗಿ ಕೆಲಸ ಮಾಡುತ್ತಿದ್ದೇನೆಯೋ ಎಂಬುದನ್ನು ಅಧ್ಯಾಪಕನಾದವನು ತನ್ನೊಳಗೆ ಇತ್ಯರ್ಥ ಮಾಡಿಕೊಳ್ಳದೆ ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಆ ವಾರವೆಲ್ಲ ನನ್ನ ಮನಸ್ಸಿನಲ್ಲಿ ಸುಳಿದಾಡಿದವರು ಇಬ್ಬರು ಅಧ್ಯಾಪಕರು: ಒಬ್ಬರು ಪೂರ್ವ ಆಫ್ರಿಕದವರು, ಇನ್ನೊಬ್ಬರು ಜಿಗಣಿಯಿಂದ ಬಹಳ ದೂರವೇನೂ ಇಲ್ಲದ ದೊಡ್ಡಬಳ್ಳಾಪುರದವರು.

ಗೂಗಿ ವಾ ಥಿಯೊಂಗೊ 2025ರ ಮೇ 28ರಂದು ಅಮೆರಿಕದಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತೇಳು ವರ್ಷ. ಅದಕ್ಕೆ ಎಂಟು ದಿನ ಮೊದಲು ನಮ್ಮ ಹಾಸನದ ಬಾನು ಮುಷ್ತಾಕರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಕನ್ನಡನಾಡು ಆ ಸಂಭ್ರಮದಲ್ಲಿತ್ತು. ಸಂಭ್ರಮ ಸಹಜವಾದದ್ದೇ. ಆದರೆ ಒಂದು ಸೂಕ್ಷ್ಮವನ್ನು ನಾವು ಮರೆಯಬಾರದು. ಆ ಪ್ರಶಸ್ತಿ ಸಂದದ್ದು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ. ಕನ್ನಡದ ಕತೆ ಲೋಕಕ್ಕೆ ಕಾಣಬೇಕಾದರೆ ಇಂಗ್ಲಿಷಿನ ಬಾಗಿಲನ್ನು ದಾಟಿ ಹೋಗಬೇಕಾಯಿತು. ಈ ಬಾಗಿಲು ಯಾರದು, ಇದರ ಬೀಗದಕೈ ಯಾರಲ್ಲಿದೆ ಎಂಬ ವಿಚಾರವನ್ನೇ ಗೂಗಿ ಜೀವಮಾನವೆಲ್ಲ ಚಿಂತಿಸಿದರು. ಕನ್ನಡ ಗೆದ್ದ ವಾರದ ಮಗ್ಗುಲಲ್ಲೇ ಅವರು ಕಣ್ಣುಮುಚ್ಚಿದ್ದು ಕಾಕತಾಳೀಯ. ಆದರೂ ಯೋಚನೆಗೆ ಹಚ್ಚುವಂಥದು.

ಗೂಗಿ ಹುಟ್ಟಿದ್ದು 1938ರಲ್ಲಿ, ಕೀನ್ಯದ ಲಿಮುರುವಿನ ಬಳಿಯ ಕಮಿರೀಥು ಎಂಬ ಹಳ್ಳಿಯಲ್ಲಿ. ಮನೆಮಾತು ಗಿಕುಯು. ಆಂಗ್ಲರು 1952ರಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿದ ಬಳಿಕ ಶಾಲೆಗಳಲ್ಲಿ ಇಂಗ್ಲಿಷಿನ ಆಳ್ವಿಕೆ ಬಿಗಿಯಾಯಿತು. ಶಾಲೆಯ ಆವರಣದಲ್ಲಿ ತಾಯ್ನುಡಿಯಾಡಿದ ಮಗುವಿಗೆ ಏಟು ಬೀಳುತ್ತಿತ್ತು. ಅವಮಾನದ ಫಲಕವನ್ನು ಕೊರಳಿಗೆ ಕಟ್ಟುತ್ತಿದ್ದರು. ಇದನ್ನು ಓದಿ ನಮ್ಮ ವಾಚಕರು ಆಶ್ಚರ್ಯಪಡಲಾರರು. ಕನ್ನಡ ಮಾತಾಡಿದ್ದಕ್ಕೆ ದಂಡ ತೆತ್ತ ಮಕ್ಕಳು ನಮ್ಮ ನಿಮ್ಮ ಬೀದಿಗಳಲ್ಲಿಯೂ ಇದ್ದಾರೆ. ಅಲ್ಲಿ ಪರದೇಶದ ದೊರೆ ವಿಧಿಸಿದ ದಂಡವನ್ನು ಇಲ್ಲಿ ನಾವೇ ಶುಲ್ಕ ಕೊಟ್ಟು ವಿಧಿಸಿಕೊಳ್ಳುತ್ತೇವೆ.

ಉಗಾಂಡದ ಮಕೆರೆರೆ ಕಾಲೇಜಿನಲ್ಲಿಯೂ ಇಂಗ್ಲೆಂಡಿನ ಲೀಡ್ಸಿನಲ್ಲಿಯೂ ಓದಿ, ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಹೆಸರುಗಳಿಸಿದ ಗೂಗಿ 1967ರಲ್ಲಿ ನೈರೋಬಿಯಲ್ಲಿ ಅಧ್ಯಾಪಕರಾಗಿ ಸೇರಿದರು. ಮರುವರ್ಷ, ಅಂದರೆ 1968ರಲ್ಲಿ, ಅವರೂ ತಬಾನ್ ಲೊ ಲಿಯೊಂಗ್ ಮತ್ತು ಹೆನ್ರಿ ಒವುವೊರ್ ಅನ್ಯುಂಬ ಎಂಬ ಸಹೋದ್ಯೋಗಿಗಳೂ ಕೂಡಿ ಒಂದು ಟಿಪ್ಪಣಿಯನ್ನು ಬರೆದರು. ಇಂಗ್ಲಿಷ್ ವಿಭಾಗವನ್ನು ಮುಚ್ಚಬೇಕು ಎಂಬುದೇ ಅದರ ಸಲಹೆ. ಕೇಳಿದವರು ಬೆಚ್ಚಿಬಿದ್ದಿರಬೇಕು. ಆದರೆ ಒಳಹೊಕ್ಕು ನೋಡಿದರೆ ಅದರಲ್ಲಿ ಇಂಗ್ಲಿಷಿನ ಮೇಲಣ ದ್ವೇಷವಿರಲಿಲ್ಲ. ಒಂದು ಸರಳವಾದ ತರ್ಕವಿತ್ತು. ಮನುಷ್ಯ ತಾನು ನಿಂತ ನೆಲದಿಂದ ಲೋಕವನ್ನು ನೋಡಬೇಕು. ಮೊದಲು ತನ್ನ ಜನಪದರ ಹಾಡು ಕತೆಗಳು, ತನ್ನ ಸೀಮೆಯ ಸಾಹಿತ್ಯ. ಆಮೇಲೆ ಆಫ್ರಿಕದ ಉಳಿದ ಭಾಗಗಳು, ಕೆರಿಬಿಯನ್ ದ್ವೀಪಗಳು, ಏಷ್ಯ, ಯೂರೋಪು. ಇಂಗ್ಲಿಷ್ ಸಾಹಿತ್ಯ ಇರಲಿ, ನಡುಮನೆಯಲ್ಲಿ ಒಂದೇ ಪೀಠ ಹಾಕಿಕೊಂಡು ಕುಳಿತಿರುವುದು ಬೇಡ. ಅವರ ಹೋರಾಟ ಫಲಿಸಿತು. ಇಂಗ್ಲಿಷ್ ವಿಭಾಗದ ಸ್ಥಾನದಲ್ಲಿ ಸಾಹಿತ್ಯ ವಿಭಾಗ ಬಂದಿತು. ಮುಂದೆ ಗೂಗಿಯವರೇ ಅದರ ಮುಖ್ಯಸ್ಥರಾದರು.

ಇಲ್ಲಿಗೆ ನಿಂತಿದ್ದರೆ ಇದು ಪಠ್ಯಕ್ರಮದ ಸುಧಾರಣೆಯೊಂದರ ಕತೆಯಾಗುತ್ತಿತ್ತು. ಗೂಗಿ ಅಧ್ಯಾಪಕನ ಕೊಠಡಿಯನ್ನು ಬಿಟ್ಟು ಹಳ್ಳಿಗೆ ಬಂದರು. 1977ರಲ್ಲಿ ಕಮಿರೀಥುವಿನ ರೈತರೂ ಕಾರ್ಖಾನೆಯ ಕೆಲಸಗಾರರೂ ತಾವೇ ಬಯಲು ರಂಗಮಂದಿರವನ್ನು ಕಟ್ಟಿ, ಗೂಗಿ ವಾ ಮಿರಿಯಿ ಅವರೊಡನೆ ಸೇರಿ ಬರೆದ ಗಿಕುಯು ನಾಟಕವೊಂದನ್ನು ಆಡಿದರು. ಜನ ತಂಡತಂಡವಾಗಿ ಬಂದು ನೋಡಿದರು. ಕೆಲವೇ ವಾರಗಳಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆ ವರ್ಷದ ಕೊನೆಯ ದಿನ ಗೂಗಿಯವರನ್ನು ಹಿಡಿದು, ವಿಚಾರಣೆಯೇ ಇಲ್ಲದೆ ಕಮಿಟಿ ಕಾರಾಗೃಹದಲ್ಲಿಟ್ಟರು. ಇಂಗ್ಲಿಷಿನಲ್ಲಿ ಇದಕ್ಕಿಂತ ಖಾರವಾಗಿ ಬರೆದಾಗ ಸುಮ್ಮನಿದ್ದ ಸರ್ಕಾರ, ಉಳುವವನ ಮಾತಿನಲ್ಲಿ ನಾಟಕವಾಡಿದೊಡನೆ ಬೆದರಿತು. ಅವರನ್ನು ಬಂಧಿಸಿದವರು ಆಂಗ್ಲರಲ್ಲ. 1963ರಲ್ಲಿ ಸ್ವತಂತ್ರವಾದ ಕೀನ್ಯದ ಸ್ವಕೀಯರೇ ಎಂಬುದನ್ನು ವಾಚಕರು ಗಮನಿಸಬೇಕು. ಬಿಳಿಯರು ಎದ್ದುಹೋದ ಕುರ್ಚಿಯಲ್ಲಿ ನಮ್ಮವರು ಕುಳಿತ ಮಾತ್ರಕ್ಕೆ ಕುರ್ಚಿಯ ಸ್ವಭಾವ ಬದಲಾಗದು ಎಂದು ಫ್ರಾಂಟ್ಸ್ ಫ್ಯಾನನ್ 1961ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಗೂಗಿ ಗಿಕುಯುವಿನಲ್ಲಿ ಕಾದಂಬರಿ ಬರೆದರು. 1978ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು; ಆದರೆ ಅಧ್ಯಾಪಕನ ಹುದ್ದೆ ಮರಳಿ ದೊರೆಯಲಿಲ್ಲ. 1982ರಿಂದ ಪರದೇಶವಾಸ. ಅದೇ ವರ್ಷ ಕಮಿರೀಥುವಿನ ರಂಗಮಂದಿರವನ್ನು ನೆಲಸಮ ಮಾಡಿದರು.

ನೈರೋಬಿಯಲ್ಲಿ ಹುದ್ದೆ ಹೋದುದಕ್ಕೂ ಜಿಗಣಿಯಲ್ಲಿ ಏಳು ವಿದ್ಯಾರ್ಥಿಗಳಿರುವುದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಅಲ್ಲಿ ಇಂಗ್ಲಿಷ್ ವಿಭಾಗವನ್ನು ಮುಚ್ಚಲು ಮೂವರು ಅಧ್ಯಾಪಕರು ಕಾರಣಗಳನ್ನು ಬರೆದು, ಹೆಸರು ಹಾಕಿ, ಚರ್ಚೆಗೆ ಇಟ್ಟರು. ಇಲ್ಲಿ ಕನ್ನಡ ವಿಭಾಗಗಳು ಟಿಪ್ಪಣಿಯಿಲ್ಲದೆ, ಚರ್ಚೆಯಿಲ್ಲದೆ, ಯಾರ ದ್ವೇಷವೂ ಇಲ್ಲದೆ, ಸಂಖ್ಯೆಯ ಕಾರಣದಿಂದ ಮುಚ್ಚಿಹೋಗುವ ಸ್ಥಿತಿಗೆ ಬರುತ್ತಿವೆ. ದ್ವೇಷಕ್ಕಾದರೆ ಎದುರುತ್ತರ ಕೊಡಬಹುದು. ಲೆಕ್ಕಕ್ಕೆ ಏನು ಉತ್ತರ?

ಈಗ ದೊಡ್ಡಬಳ್ಳಾಪುರದ ಅಧ್ಯಾಪಕರ ವಿಚಾರ. ಡಿ. ಆರ್. ನಾಗರಾಜ್ 1954ರಲ್ಲಿ ಅಲ್ಲಿನ ನೇಕಾರ ಕುಟುಂಬವೊಂದರಲ್ಲಿ ಹುಟ್ಟಿದರು. ಮಗ್ಗದ ಸದ್ದಿನ ನಡುವೆ ಬೆಳೆದು, ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡವನ್ನು ಓದಿ, ಅಲ್ಲಿಯೇ ಕನ್ನಡವನ್ನು ಬೋಧಿಸಿದರು. 1983ರಲ್ಲಿ 'ಅಮೃತ ಮತ್ತು ಗರುಡ', 1987ರಲ್ಲಿ ಬೇಂದ್ರೆಯವರ ಕಾವ್ಯವನ್ನು ಕುರಿತ 'ಶಕ್ತಿ ಶಾರದೆಯ ಮೇಳ', 1996ರಲ್ಲಿ 'ಸಾಹಿತ್ಯ ಕಥನ' ಪ್ರಕಟವಾದವು. ನಡುವೆ 1993ರಲ್ಲಿ ದಲಿತ ಚಳವಳಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ 'ದಿ ಫ್ಲೇಮಿಂಗ್ ಫೀಟ್' ಭಾರತದ ರಾಜಕೀಯ ಚಿಂತಕರ ಗಮನವನ್ನು ಸೆಳೆಯಿತು. 1998ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ವಯಸ್ಸು ನಲವತ್ತನಾಲ್ಕು. ನಾನು ಈಗ ಇರುವ ವಯಸ್ಸು ಅದರ ಆಸುಪಾಸಿನದೇ ಎಂದು ನೆನೆದಾಗಲೆಲ್ಲ ನನಗೆ ನಾಚಿಕೆಯೂ ಆಗುತ್ತದೆ, ಒಂದು ಬಗೆಯ ಧೈರ್ಯವೂ ಬರುತ್ತದೆ. ಅವರ ಬೃಹತ್ಕೃತಿ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಹೊರಬಂದದ್ದು ಅವರ ಮರಣಾನಂತರ.

ಡಿ. ಆರ್. ಆಫ್ರಿಕವನ್ನು ಕುರಿತು ಗ್ರಂಥ ಬರೆದವರಲ್ಲ. ಆದರೆ ಆಫ್ರಿಕದ ಚಿಂತಕರು ತಮ್ಮ ನೆಲದಲ್ಲಿ ನಿಂತು ಎತ್ತಿದ ಪ್ರಶ್ನೆಗಳನ್ನು ಕನ್ನಡದ ನೆಲದಲ್ಲಿ ನಿಂತು ಅಷ್ಟೇ ಆಳವಾಗಿ ಎತ್ತಿದವರಲ್ಲಿ ಅವರು ಅಗ್ರಗಣ್ಯರು. ಹೊರಗಿನವರ ಆಳ್ವಿಕೆ ಒಂದು ಜನತೆಯ ನೆನಪನ್ನು ಏನು ಮಾಡುತ್ತದೆ? ಕಳೆದುಹೋದ ನೆನಪು ಮರಳಿ ಸಿಕ್ಕುವುದೇ? ಸಿಕ್ಕಿದರೆ ಅದು ಯಾರ ನೆನಪು, ಅರಸನದೋ ಆಳಿನದೋ? ಇವು ಅವರನ್ನು ಕಾಡಿದ ಪ್ರಶ್ನೆಗಳು. ಕನ್ನಡದ ಲೇಖಕರು ಸಾಂಸ್ಕೃತಿಕ ವಿಸ್ಮೃತಿಗೆ ಒಳಗಾಗಿದ್ದಾರೆಂದೂ ಅಲ್ಲಮನಂಥವನನ್ನು ಕೇವಲ ಕವಿಯೆಂದು ಓದದೆ ತತ್ತ್ವಚಿಂತಕನೆಂದು ಓದಬೇಕೆಂದೂ ಅವರು ತೋರಿಸಿಕೊಟ್ಟರು. ರಾಜಕೀಯ ತತ್ತ್ವಶಾಸ್ತ್ರವೆಂಬುದು ಗ್ರೀಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದು ನಮ್ಮಲ್ಲಿಗೆ ಪರೀಕ್ಷೆಯ ಪತ್ರಿಕೆಯಾಗಿ ಬಂದ ವಸ್ತುವೆಂದು ತಿಳಿದಿದ್ದ ನನ್ನಂಥವರಿಗೆ ಇದು ಹೊಸ ಬೆಳಕಾಯಿತು.

ಅವರ ವಿಚಾರಸರಣಿಗೆ ಒಂದು ನಿದರ್ಶನ ಕೊಡುತ್ತೇನೆ. 1932ರ ಪುಣೆ ಒಪ್ಪಂದದ ಪ್ರಸಂಗವನ್ನು ನಾವು ಗಾಂಧಿ ಗೆದ್ದರೆ ಅಂಬೇಡ್ಕರ್ ಗೆದ್ದರೆ ಎಂದು ಪಂದ್ಯದಂತೆ ನೋಡುವುದು ವಾಡಿಕೆ. ಡಿ. ಆರ್. ಅದನ್ನು ಬೇರೆ ಬಗೆಯಾಗಿ ನೋಡಿದರು. ಗಾಂಧೀಜಿಗೆ ಅಸ್ಪೃಶ್ಯತೆಯ ನಿವಾರಣೆ ಸವರ್ಣೀಯರ ಆತ್ಮಶುದ್ಧಿಯ ಕಾರ್ಯ; ಬಾಬಾಸಾಹೇಬರಿಗೆ ಅದು ದಲಿತರ ಆತ್ಮಗೌರವದ ಪ್ರಶ್ನೆ. ಮೊದಲನೆಯದರಲ್ಲಿ ದಲಿತನು ಇನ್ನೊಬ್ಬರ ಪ್ರಾಯಶ್ಚಿತ್ತದ ನಿಮಿತ್ತಮಾತ್ರನಾಗುತ್ತಾನೆ. ಎರಡನೆಯದರಲ್ಲಿ ತಾನೇ ಕರ್ತೃವಾಗುತ್ತಾನೆ. ಆದರೆ ಆ ಘರ್ಷಣೆಯ ಬಳಿಕ ಇಬ್ಬರೂ ಮೊದಲಿನವರಾಗಿ ಉಳಿಯಲಿಲ್ಲ. ಗಾಂಧೀಜಿ ದಲಿತರ ಆರ್ಥಿಕ ಸ್ಥಿತಿಯತ್ತ ಹೆಚ್ಚು ಮನಸ್ಸು ಕೊಟ್ಟರು; ಅಂಬೇಡ್ಕರರು ಧರ್ಮದ ಮಹತ್ತ್ವವನ್ನು ಹೆಚ್ಚು ಹೆಚ್ಚಾಗಿ ಚಿಂತಿಸಿದರು. ಎದುರಾಳಿಗಳು ಒಬ್ಬರನ್ನೊಬ್ಬರು ತಿದ್ದಿದರು. ಇದು ಡಿ. ಆರ್. ಅವರ ವಾದದ ತಿರುಳು. ಕನ್ನಡದ ಅಧ್ಯಾಪಕನೊಬ್ಬ ರಾಜಕೀಯ ಚಿಂತನೆಗೆ ಕೊಟ್ಟ ಕಾಣಿಕೆಯಿದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಪಠ್ಯದ ಎರಡು ಸಾಲುಗಳು ಒಂದನ್ನೊಂದು ಹೇಗೆ ಬೆಳಗುತ್ತವೆಂದು ನೋಡಬಲ್ಲ ಕಣ್ಣಿಗೇ ಎರಡು ಬದುಕುಗಳು ಒಂದನ್ನೊಂದು ತಿದ್ದಿದ ರೀತಿಯೂ ಕಂಡಿತು.

ಇನ್ನೊಂದು ಮಾತು. ದಲಿತ ಚಳವಳಿಯ ಆಕ್ರೋಶ ನ್ಯಾಯವಾದದ್ದು. ಆದರೆ ಹಿಂದಿನದೆಲ್ಲ ಅವಮಾನವೇ ಎಂದು ಮರೆತುಬಿಟ್ಟರೆ ಆ ಸಮುದಾಯಗಳ ದೇವರು, ಹಾಡು, ಕಸುಬು, ಕೈಚಳಕಗಳೂ ಮರೆವಿಗೆ ಸಲ್ಲುತ್ತವೆ ಎಂದು ಅವರು ಚಿಂತಿಸಿದರು. ಕುಶಲಕರ್ಮಿಗಳ ವಿದ್ಯೆ ಹೊಸ ಯಂತ್ರಗಳ ಮುಂದೆ ಅಳಿದುಹೋದುದು ಬರಿಯ ಆರ್ಥಿಕ ನಷ್ಟವಲ್ಲ, ಜ್ಞಾನದ ನಷ್ಟ ಎಂಬುದು ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಹೊತ್ತಗೆಯಿಂದ ಕಲಿಯಬೇಕಾದ ಪಾಠವಾಗಿರಲಿಲ್ಲ. ಜಿಗಣಿಯ ಗರಗಸದ ಸದ್ದನ್ನು ಕೇಳುತ್ತ ಇದನ್ನು ಓದಿದವನಿಗೆ ಅದರ ಅರ್ಥ ಬೇಗ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಬಲವಾದ ಆಕ್ಷೇಪವನ್ನು ಎದುರಿಸದೆ ವಿಧಿಯಿಲ್ಲ. ಇಂಗ್ಲಿಷನ್ನು ಬಿಡಿ ಎನ್ನುವುದು ಅದನ್ನು ಆಗಲೇ ಪಡೆದವರಿಗೆ ಸುಲಭ. ತಲತಲಾಂತರದಿಂದ ಅಕ್ಷರದಿಂದಲೇ ದೂರವಿಟ್ಟವರ ಮಗುವಿಗೆ ಇಂಗ್ಲಿಷ್ ಬಿಡುಗಡೆಯ ದಾರಿಯಾಗಿ ಕಂಡರೆ ತಪ್ಪೇನು? ದೇಶಭಾಷೆಯ ಹೆಸರಿನಲ್ಲಿ ಬಡವರ ಮಕ್ಕಳನ್ನು ಕೆಳಗಿರಿಸಿ, ಹೇಳುವವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವ ಕಪಟವನ್ನು ನಾವೆಲ್ಲ ಕಂಡಿಲ್ಲವೇ? ಆಫ್ರಿಕದಲ್ಲಿಯೂ ಈ ವಾಗ್ವಾದ ನಡೆಯಿತು. ನೈಜೀರಿಯದ ಚಿನುವ ಅಚಿಬೆ ಇಂಗ್ಲಿಷನ್ನೇ ತಮ್ಮ ಅನುಭವಕ್ಕೆ ತಕ್ಕಂತೆ ಬಗ್ಗಿಸಿಕೊಳ್ಳಬಹುದೆಂದರು. ಗೂಗಿ ಒಪ್ಪಲಿಲ್ಲ. ಆದರೆ ಗಿಕುಯುವಿನಲ್ಲಿ ಬರೆದ ಗೂಗಿಯವರಿಗೆ ಕೊನೆಯ ದಶಕಗಳಲ್ಲಿ ಅಧ್ಯಾಪಕನ ಪೀಠವನ್ನು ಕೊಟ್ಟದ್ದು ಅಮೆರಿಕದ ವಿಶ್ವವಿದ್ಯಾನಿಲಯಗಳು. ತಮ್ಮ ಕೆಲವು ಗಿಕುಯು ಕೃತಿಗಳನ್ನು ಅವರೇ ಇಂಗ್ಲಿಷಿಗೆ ತಂದರು. ಡಿ. ಆರ್. ಕೂಡ ದಲಿತರನ್ನು ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದರು. ಇವನ್ನು ಮರೆಮಾಚಿ ನಾನು ವಾದ ಹೂಡಿದರೆ ನನ್ನ ಏಳು ವಿದ್ಯಾರ್ಥಿಗಳೇ ನಕ್ಕಾರು.

ನನಗೆ ದಾರಿ ತೋರಿಸುವವರು ಬಾಬಾಸಾಹೇಬರೇ. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ಮಹಾಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದ ಅವರು, 1920ರಲ್ಲಿ 'ಮೂಕನಾಯಕ'ವನ್ನೂ 1927ರಲ್ಲಿ 'ಬಹಿಷ್ಕೃತ ಭಾರತ'ವನ್ನೂ ಮರಾಠಿಯಲ್ಲಿ ನಡೆಸಿದರು. ಆಳುವವರೊಡನೆ ವಾದಿಸಲು ಒಂದು ಭಾಷೆ. ತಮ್ಮ ಜನರೊಡನೆ ಯೋಚಿಸಲು ಇನ್ನೊಂದು. ಎರಡೂ ಪೂರ್ಣವಾಗಿ ಕೈವಶವಾಗಿದ್ದವು. ಆದ್ದರಿಂದ ಪ್ರಶ್ನೆ ಇಂಗ್ಲಿಷ್ ಬೇಕೇ ಬೇಡವೇ ಎಂಬುದಲ್ಲ. ಬೇಕು, ಎಲ್ಲರಿಗೂ ಚೆನ್ನಾಗಿ ಬೇಕು. ಕನ್ನಡದಲ್ಲಿ ಎಷ್ಟು ಎತ್ತರದವರೆಗೆ ಯೋಚಿಸಬಹುದು, ಅದಕ್ಕೆ ಅವಕಾಶವಿದೆಯೇ, ಎಂಬುದೇ ಪ್ರಶ್ನೆ.

ನಮ್ಮ ಸಾರ್ವಜನಿಕ ಚರ್ಚೆ ಎಡವುವುದು ಇಲ್ಲಿಯೇ. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಕನ್ನಡವೋ ಮಾತೃಭಾಷೆಯೋ ಶಿಕ್ಷಣ ಮಾಧ್ಯಮವಾಗಬೇಕೆಂದು ಆದೇಶಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ಬಳಿಕ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ತಂದೆತಾಯಿಗಳಿಗೆ ಬಿಟ್ಟದ್ದು, ಸರ್ಕಾರ ಹೇರಲಾಗದು ಎಂದು ತೀರ್ಪು ಕೊಟ್ಟಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ಕಾಲೇಜುಗಳಿಗೆ ಬಂದಿತು. 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ರಾಜ್ಯ ಮರಳಿ ಮೂರು ವರ್ಷಕ್ಕೆ ಬಂದಿತು. 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿಯಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನೂ ಎರಡು ಭಾಷೆಗಳ ಕಲಿಕೆಯನ್ನೂ ಶಿಫಾರಸು ಮಾಡಿತು. ಆ ಶಿಫಾರಸನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೂ ಒಂದು ಸಂದೇಹ ಉಳಿಯುತ್ತದೆ.

ತಾಂಜಾನಿಯದ ಅನುಭವವನ್ನು ನೋಡೋಣ. ಅಲ್ಲಿನ ಮೊದಲ ಅಧ್ಯಕ್ಷ ಜೂಲಿಯಸ್ ನ್ಯರೆರೆ ಷೇಕ್ಸ್‌ಪಿಯರನ ಎರಡು ನಾಟಕಗಳನ್ನು ತಾವೇ ಸ್ವಾಹಿಲಿಗೆ ಅನುವಾದಿಸಿದಷ್ಟು ಭಾಷಾಭಿಮಾನಿ. 1967ರಿಂದ ಪ್ರಾಥಮಿಕ ಶಾಲೆಗಳಲ್ಲೆಲ್ಲ ಸ್ವಾಹಿಲಿ ಮಾಧ್ಯಮ ಬಂದಿತು. ಪ್ರೌಢಶಾಲೆಯಿಂದ ಮೇಲೆ ಮಾತ್ರ ಇಂಗ್ಲಿಷ್ ಉಳಿಯಿತು. ಮೇಲಿನ ಮಹಡಿಯಲ್ಲಿ ಇನ್ನೊಂದು ಭಾಷೆ ವಾಸವಾಗಿದೆಯೆಂದು ತಿಳಿದ ತಾಯಿತಂದೆಗಳು ಮಗುವನ್ನು ಮೊದಲೇ ಆ ಮೆಟ್ಟಿಲಿಗೆ ಹತ್ತಿಸಲು ಹವಣಿಸುವುದು ಸಹಜವಲ್ಲವೆ? ಐದನೆಯ ತರಗತಿಯವರೆಗೆ ಕನ್ನಡ ಎಂದು ಹೇಳಿ, ಪದವಿಯ ಮಟ್ಟದಲ್ಲಿ ಅದನ್ನು ಒಂದು ಭಾಷಾ ಪತ್ರಿಕೆಗೆ ಇಳಿಸಿದರೆ ತಂದೆತಾಯಿಗಳು ಬೇಗ ಪಾಠ ಕಲಿಯುತ್ತಾರೆ: ಈ ಭಾಷೆ ಮಕ್ಕಳಿಗೆ ಸಾಕು, ದೊಡ್ಡವರಿಗೆ ಸಾಲದು. ಭಾಷೆ ಸಾಯುವುದು ಶಿಶುವಿಹಾರದಲ್ಲಿ ಮಾತ್ರವಲ್ಲ; ಉನ್ನತ ಶಿಕ್ಷಣದ ಸೂಚನಾ ಫಲಕದ ಮೇಲೂ ಸಾಯುತ್ತದೆ.

ಇದನ್ನು ನಮ್ಮ ಹಿರಿಯರು ಅರಿತಿದ್ದರು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೇ ಕನ್ನಡಕ್ಕಾಗಿ ದುಡಿದರು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆರಂಭವಾದಾಗ ಆ ಮೊದಲ ತರಗತಿಯಲ್ಲಿ ಕುಳಿತವರು ಬೆರಳೆಣಿಕೆಯವರು. ಅವರಲ್ಲಿ ಕುವೆಂಪು ಒಬ್ಬರು. ಅಂದಿನ ಅಧಿಕಾರಿಗಳು ತಲೆಯೆಣಿಸಿ ತೀರ್ಮಾನಿಸಿದ್ದರೆ? 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿ ಕುವೆಂಪು ಕಾಲೇಜಿನ ಮಟ್ಟಕ್ಕೆ ಕನ್ನಡ ಮಾಧ್ಯಮವನ್ನು ತರಲು ಶ್ರಮಿಸಿದರು. ಅವರು ಹಿಡಿದದ್ದು ಮೇಲಿನ ಮಹಡಿಯ ಪ್ರಶ್ನೆಯನ್ನೇ.

ಆಫ್ರಿಕದೊಡನೆ ನಮ್ಮ ನಂಟು ಪುಸ್ತಕದ್ದು ಮಾತ್ರವಲ್ಲ. ಗೂಗಿಯವರ ಚಿಂತನೆಯನ್ನು ರಹಮತ್ ತರೀಕೆರೆಯವರೂ ಅಚಿಬೆಯ ಕಾದಂಬರಿಯನ್ನು ಸಿ. ನಾಗಣ್ಣನವರೂ ಕನ್ನಡಕ್ಕೆ ತಂದಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿಗಳು ಶತಮಾನಗಳಿಂದ ಬಾಳುತ್ತಿದ್ದಾರೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದವರು ಮಂಚೀಕೇರಿಯ ಸಿದ್ದಿ ಜನರನ್ನೇ ಕೂಡಿಕೊಂಡು ಅಚಿಬೆಯ ಕತೆಯನ್ನು ರಂಗಕ್ಕೆ ತಂದರು. ಕಮಿರೀಥುವಿಗೆ ಕನ್ನಡದಲ್ಲಿ ಒಂದು ಸೋದರ ಹಳ್ಳಿಯಿದ್ದರೆ ಅದು ಮಂಚೀಕೇರಿಯೇ ಎಂದು ನನ್ನ ಭಾವನೆ. ಆದರೆ ಈ ಕೀರ್ತಿಯ ಪಕ್ಕದಲ್ಲಿ ಒಂದು ಕಳಂಕವನ್ನೂ ಇಡಬೇಕು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ಸೇಡೆಂಬಂತೆ, ಜನರ ಗುಂಪೊಂದು ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿತು. ಅಪಘಾತ ಮಾಡಿದವನು ಸುಡಾನಿನವನು; ಆಕೆಯ ದೇಶವೇ ಬೇರೆ. ಗುಂಪಿಗೆ ಆಫ್ರಿಕವೆಂಬುದು ಒಂದೇ ಬಣ್ಣವಾಗಿ ಕಂಡಿತು. ಓದಲು ಬಂದ ಹುಡುಗಿಗೆ ಓದಿನ ಊರು ಹೀಗೆ ನಡೆದುಕೊಂಡಿತು. ನಾವು ನಮ್ಮ ಭಾಷೆಗೆ ಗೌರವ ಕೇಳುವ ಮೊದಲು, ಇನ್ನೊಬ್ಬರ ಮುಖವನ್ನು ಓದಲು ಕಲಿತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ತುಳು, ಕೊಡವ, ಬ್ಯಾರಿ, ಲಂಬಾಣಿಗಳನ್ನಾಡುವ ಮಕ್ಕಳು ನಮ್ಮ ಕನ್ನಡದ ತರಗತಿಯಲ್ಲಿ ಕೊರಳಿನ ಫಲಕವನ್ನು ಕಾಣದಂತೆ ಹೊತ್ತಿದ್ದಾರೆಯೇ ಎಂದೂ ನೋಡಬೇಕು. ಗೂಗಿಯವರ ಪ್ರಶ್ನೆ ಇಂಗ್ಲಿಷಿಗೆ ಮಾತ್ರ ತಗಲುವ ಪ್ರಶ್ನೆಯಲ್ಲ.

ಮುಂದಿನ ವಾರ ತರಗತಿಗೆ ಹೋದೆ. ಉತ್ತರ ಹೇಳುವ ಮೊದಲು ಆ ಹುಡುಗನಿಗೆ ಒಂದು ಕೆಲಸ ಕೊಟ್ಟೆ: ತಾತನ ಕಸುಬಿನ ಮಾತುಗಳನ್ನೂ ತಂದೆಯ ಕಸುಬಿನ ಮಾತುಗಳನ್ನೂ ಬರೆದು ತಾ ಎಂದೆ. ಎರಡು ದಿನ ಬಿಟ್ಟು ಹಾಳೆ ತಂದ. ಒಂದು ಕಡೆ ಉಳಿ, ಸುತ್ತಿಗೆ, ಚಮ್ಮಟಿಗೆ, ಹಾರೆ, ಮೀಟುವುದು, ಸೀಳುವುದು. ಇನ್ನೊಂದು ಕಡೆ ಕಟಿಂಗ್, ಪಾಲಿಶ್, ಸ್ಲ್ಯಾಬ್, ಶಿಫ್ಟ್, ಓವರ್‌ಟೈಮ್. ನಡುವೆ ಗೆರೆ ಎಳೆದಿದ್ದ. ಕೆಳಗೆ ತಾನೇ ಒಂದು ವಾಕ್ಯ ಸೇರಿಸಿದ್ದ: ತಾತನಿಗೆ ಕಲ್ಲು ಎಲ್ಲಿ ಸೀಳುತ್ತದೆಯೆಂದು ಗೊತ್ತಿತ್ತು, ಅಪ್ಪನಿಗೆ ಯಂತ್ರ ಎಷ್ಟು ಹೊತ್ತಿಗೆ ನಿಲ್ಲುತ್ತದೆಯೆಂದು ಗೊತ್ತು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಡಿ. ಆರ್. ಹೇಳಿದ ಜ್ಞಾನದ ನಷ್ಟವನ್ನು ಈ ಹುಡುಗ, ಆ ಗ್ರಂಥವನ್ನು ಕಣ್ಣಿನಿಂದಲೂ ಕಾಣದೆ, ಒಂದು ವಾಕ್ಯದಲ್ಲಿ ಹೇಳಿದ್ದ. ಹೇಳಿದ್ದು ಕನ್ನಡದಲ್ಲಿ.

"ನಷ್ಟ ಇಬ್ಬರಿಗೂ ಉಂಟಪ್ಪ" ಎಂದೆ. "ನನಗೆ ಆಗುವ ನಷ್ಟ ಸಂಬಳದ್ದು, ಅದಕ್ಕೆ ಬೇರೆ ದಾರಿ ಹುಡುಕಬಹುದು. ನಿನಗೆ ಆಗುವ ನಷ್ಟ, ಈ ವಾಕ್ಯವನ್ನು ಮುಂದುವರಿಸಿ ಬರೆಯುವ ಜಾಗ." ಹುಡುಗ ಏನೂ ಹೇಳಲಿಲ್ಲ. ಹಾಳೆಯನ್ನು ಮಾತ್ರ ಮರಳಿ ಇಸಿದುಕೊಂಡ.

ಈಗ ನಾನೂ ಒಂದು ಟಿಪ್ಪಣಿ ಬರೆದಿದ್ದೇನೆ. ಯಾವ ವಿಭಾಗವನ್ನೂ ಮುಚ್ಚಿರೆಂದು ಅದರಲ್ಲಿ ಕೇಳಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಕನ್ನಡ, ಇಂಗ್ಲಿಷ್ ಅಧ್ಯಾಪಕರು ವಾರಕ್ಕೊಂದು ಗಂಟೆ ಒಂದೇ ಕೊಠಡಿಯಲ್ಲಿ ಕುಳಿತು, ಅಂಬೇಡ್ಕರ್, ಗಾಂಧಿ, ಅಲ್ಲಮ, ಫ್ಯಾನನ್, ಗೂಗಿ ಇವರನ್ನು ಕನ್ನಡದಲ್ಲಿ ಓದಿ ಚರ್ಚಿಸಲಿ. ವಾಣಿಜ್ಯದ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿರಲಿ. ಒಂದು ವರ್ಷದ ಬಳಿಕ ಬೇಕಾದರೆ ತಲೆಯೆಣಿಸಲಿ ಎಂದು ಕೋರಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನೈರೋಬಿಯಲ್ಲಿ ಮೂವರು ಹೆಸರು ಹಾಕಿದ್ದರು. ಇಲ್ಲಿ ಸದ್ಯಕ್ಕೆ ನನ್ನದು ಒಂದೇ ಹೆಸರಿತ್ತು. ನಿನ್ನೆ ಇಂಗ್ಲಿಷ್ ವಿಭಾಗದ ಸಹೋದ್ಯೋಗಿ ಬಂದು, ತಾವಾಗಿಯೇ ಪೆನ್ನು ತೆಗೆದು, ಅದರ ಕೆಳಗೆ ತಮ್ಮ ಹೆಸರನ್ನೂ ಬರೆದರು.